ಪ್ರೆಶರ್ ಪಂಪ್ ಹಾಕಿದ ಮೇಲೆ ಸೋಲಾರ್ ನೀರು ಬಿಸಿಯೇ ಇಲ್ಲ!

ಪ್ರಶ್ನೆ: ಕದ್ರಿಯಲ್ಲಿ ನಮ್ಮದು ಎಂಟು ಮಹಡಿಯ ಅಪಾರ್ಟ್‌ಮೆಂಟ್. ಟೆರೇಸ್‌ನಲ್ಲಿ ಎಲ್ಲರಿಗೂ ಸೇರಿ ಸೋಲಾರ್ ಉಂಟು. ಏಳು, ಎಂಟನೇ ಮಹಡಿಯವರ ಶವರ್‌ನಲ್ಲಿ ನೀರು ದಾರದ ಹಾಗೆ ಬರುತ್ತಿತ್ತು. ಅವರ ತಣ್ಣೀರಿನ ಲೈನಿಗೆ ಪ್ರೆಶರ್ ಪಂಪ್ ಹಾಕಿಸಿದೆವು. ಈಗ ಮೂರನೇ ಮಹಡಿಯ ನಮಗೂ ಉಗುರು ಬೆಚ್ಚಗಿನ ನೀರೇ ಗತಿ. ಸೋಲಾರಿನವರು ಪ್ಯಾನೆಲ್ ಸರಿ ಉಂಟು ಅಂತ ಹೇಳಿ ಹೋದರು. ಬೆಳಿಗ್ಗೆ ಟೆರೇಸ್‌ನ ಸೋಲಾರ್ ಟ್ಯಾಂಕಿನ ಗಾಳಿ ಹೊರಹೋಗುವ ಏರ್ ವೆಂಟ್‌ನಿಂದ ನೀರು ಬೇರೆ ಚೆಲ್ಲುತ್ತದೆ. ದೊಡ್ಡ ಹೀಟರ್ ಕಾಯಿಲ್ ಹಾಕಿಸಬೇಕಾ ಸರ್?

ಉತ್ತರ: ಕಾಯಿಲಿಗೆ ದುಡ್ಡು ಹಾಕಬೇಡಿ ಮಾರಾಯ್ರೆ. ವೆಂಟ್‌ನಿಂದ ಚೆಲ್ಲುವ ನೀರೇ ಕಾರಣ ಹೇಳುತ್ತಿದೆ.

ಹತ್ತು ಮೀಟರ್ ಎತ್ತರದ ನೀರಿಗೆ ಸುಮಾರು 1 ಬಾರ್ ಒತ್ತಡ. ಎಂಟನೇ ಮಹಡಿಯ ನಲ್ಲಿಗಿಂತ ಟ್ಯಾಂಕ್ ಮೂರ್ನಾಲ್ಕು ಮೀಟರ್ ಮೇಲಿದ್ದರೆ ಬಿಸಿನೀರಿಗೆ ಸಿಗುವುದು 0.3-0.4 ಬಾರ್. ಪಂಪಿನ ತಣ್ಣೀರು 1.5 ಬಾರ್‌ನಲ್ಲಿ ಬರುತ್ತದೆ ಅಂತ ಇಟ್ಟುಕೊಳ್ಳಿ. ಕೆಲವರು ಬಿಸಿನೀರು, ತಣ್ಣೀರು ಬೆರೆಸುವ ಮಿಕ್ಸರ್ ನಲ್ಲಿಯ ಎರಡೂ ಕಡೆ ತೆರೆದೇ ಇಟ್ಟು, ಕೈ ಶವರಿನ ಬಟನ್ ಮಾತ್ರ ಬಂದ್ ಮಾಡುತ್ತಾರೆ. ಆಗ ತಣ್ಣೀರು ಮಿಕ್ಸರ್ ಮೂಲಕವೇ ಬಿಸಿನೀರಿನ ಪೈಪಿಗೆ ನುಗ್ಗುತ್ತದೆ. ಕೆಳಗೆ ಇಳಿದದ್ದು ನಿಮ್ಮ ಬಕೆಟ್ಟಿಗೆ, ಮೇಲೆ ಹತ್ತಿದ್ದು ಸೋಲಾರ್ ಟ್ಯಾಂಕಿಗೆ, ಅಲ್ಲಿ ಹೆಚ್ಚಾದದ್ದು ವೆಂಟ್‌ನಿಂದ ಹೊರಗೆ.

ಪರೀಕ್ಷೆ ಸುಲಭ. ಟೆರೇಸ್‌ನಲ್ಲಿ ಸೋಲಾರಿನಿಂದ ಹೊರಡುವ ವಾಲ್ವ್ ಬಂದ್ ಮಾಡಿ, ಎಂಟನೇ ಮಹಡಿಯಲ್ಲಿ ಬಿಸಿನೀರಿನ ನಲ್ಲಿ ಮಾತ್ರ ತೆರೆಯಿರಿ. ಪೈಪಿನಲ್ಲಿ ಉಳಿದದ್ದು ಖಾಲಿಯಾದ ಮೇಲೆ ನಿಲ್ಲಬೇಕು. ಬರುತ್ತಲೇ ಇದ್ದರೆ ಯಾವುದೋ ಮಿಕ್ಸರಿನಿಂದ ತಣ್ಣೀರು ದಾಟುತ್ತಿದೆ. ಒಂದೊಂದೇ ಫ್ಲ್ಯಾಟಿನ ತಣ್ಣೀರು ಬಂದ್ ಮಾಡುತ್ತಾ ಹೋದರೆ ಯಾರ ಮನೆ ಅಂತ ಗೊತ್ತಾಗುತ್ತದೆ. (ಹುಡುಕುವುದಕ್ಕಿಂತ ಆ ಮನೆಯವರನ್ನು ಒಪ್ಪಿಸುವುದು ಕಷ್ಟ.)

ಮರುಪ್ರಶ್ನೆ: ನೀರನ್ನು ಒಂದೇ ದಿಕ್ಕಿಗೆ ಬಿಡುವ ನಾನ್ ರಿಟರ್ನ್ ವಾಲ್ವ್ ಹಾಕಿದರೆ ಮುಗಿಯಿತಲ್ಲ?

ಉತ್ತರ: ನಿಮ್ಮ ತಾಪತ್ರಯ ಮುಗಿಯುತ್ತದೆ, ಮೇಲಿನವರದ್ದು ಶುರುವಾಗುತ್ತದೆ. ತಣ್ಣೀರಿನ ಒತ್ತಡಕ್ಕೆ ವಾಲ್ವ್ ಮುಚ್ಚಿಕೊಂಡೇ ಇದ್ದು ಅವರ ಶವರಿಗೆ ಬಿಸಿನೀರೇ ಬರಲಿಕ್ಕಿಲ್ಲ. ಎರಡೂ ಲೈನ್‌ನ ಒತ್ತಡ ಸಮ ಇರಬೇಕು. ಆ ಎರಡು ಮಹಡಿಗೆ ಬಿಸಿನೀರಿನ ಬೇರೆ ಲೈನ್ ಎಳೆದು, ಟ್ಯಾಂಕಿನ ಔಟ್‌ಲೆಟ್ ಆದ ಮೇಲೆ ಬಿಸಿನೀರಿಗೆಂದೇ ತಯಾರಾದ ಪಂಪ್ ಹಾಕಿ, ಜೊತೆಗೆ ನಾನ್ ರಿಟರ್ನ್ ವಾಲ್ವ್. ಪಂಪನ್ನು ಟ್ಯಾಂಕಿಗೆ ಮೊದಲು ಜೋಡಿಸಲೇಬೇಡಿ. ವೆಂಟ್ ಇರುವ ಟ್ಯಾಂಕ್ ಆ ಒತ್ತಡ ತಡೆಯುವುದಿಲ್ಲ.

ಇನ್ನೊಬ್ಬರ ಪ್ರಶ್ನೆ: ಮಣಿಪಾಲದಲ್ಲಿ ನಮ್ಮದು ಒಂದನೇ ಮಹಡಿ. ಬಿಸಿ ಬರುವಷ್ಟರಲ್ಲಿ ಒಂದು ಬಕೆಟ್ ನೀರು ಚರಂಡಿಗೆ. ಪೈಪಿನಲ್ಲಿ ತಣ್ಣಗಾದ ನೀರನ್ನು ಟ್ಯಾಂಕಿಗೆ ವಾಪಸು ಕಳಿಸುವ ರಿಟರ್ನ್ ಲೈನಿಗೆ ಎಷ್ಟು ಎಚ್‌ಪಿ ಪಂಪ್ ಬೇಕು?

ಉತ್ತರ: ಒಳವ್ಯಾಸ 25 ಮಿ.ಮೀ. ಇರುವ ಪೈಪಿನಲ್ಲಿ ಮೀಟರಿಗೆ ಅರ್ಧ ಲೀಟರ್ ನೀರು ನಿಲ್ಲುತ್ತದೆ. 30 ಮೀಟರಿಗೆ 15 ಲೀಟರ್. ನಿಮ್ಮೂರಿಗೆ ನೀರು ಕೊಡುವ ಬಜೆ ಅಣೆಕಟ್ಟು ತಳ ಕಾಣುವ ಬೇಸಿಗೆಯಲ್ಲಿ ಇದು ಚೆಲ್ಲುವ ನೀರಲ್ಲ. ಪಂಪ್ ಮಾತ್ರ ಸಣ್ಣದು ಸಾಕು. ನೀರು ಹೊರಟ ಟ್ಯಾಂಕಿಗೇ ವಾಪಸು ಬರುವ ಕಾರಣ ಕಟ್ಟಡದ ಎತ್ತರ ಲೆಕ್ಕಕ್ಕಿಲ್ಲ, ಪೈಪಿನ ಘರ್ಷಣೆಯಷ್ಟೇ. ರಿಟರ್ನ್ ಲೈನಿನಲ್ಲಿ ನಾನ್ ರಿಟರ್ನ್ ವಾಲ್ವ್ ಮರೆಯಬೇಡಿ. ಇಲ್ಲದಿದ್ದರೆ ನಲ್ಲಿ ತೆರೆದಾಗ ಟ್ಯಾಂಕಿನ ತಳದ ತಣ್ಣೀರು ಆ ದಾರಿಯಲ್ಲೇ ಇಳಿದು ಬರುತ್ತದೆ. ಪೈಪಿಗೆ ಇನ್ಸುಲೇಶನ್ ಮಾಡಿಸಿ, ಪಂಪಿಗೆ ಟೈಮರ್ ಇಡಿ. ಇಡೀ ದಿನ ಓಡಿಸಿದರೆ ಸೋಲಾರಿನ ಬಿಸಿಯೆಲ್ಲ ಗೋಡೆಗೆ. ಮಳೆಗಾಲದಲ್ಲಿ ಟ್ಯಾಂಕಿನ ಕಾಯಿಲ್ 60 ಡಿಗ್ರಿಗೆ ಇರಲಿ, ಉಗುರು ಬೆಚ್ಚಗೆ ನಿಂತ ನೀರಿನಲ್ಲಿ ನ್ಯುಮೋನಿಯಾ ತರುವ ಲೆಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತದೆ.