ಸಮಸ್ಯಾಪೂರಣ: ದಾಲ್ ಸರೋವರದ ದೋಣಿ

ಗೆಳೆಯರೇ, ಅಸಾಧ್ಯವೆನಿಸುವ ಒಂದು ಸಾಲು ಕೊಟ್ಟರೆ ಅದಕ್ಕೆ ಅರ್ಥ ಬರುವಂತೆ ಉಳಿದ ಸಾಲು ಕಟ್ಟುವುದೇ ಸಮಸ್ಯಾಪೂರಣ. ಈ ವಾರದ ಸಮಸ್ಯೆ, ಆರು ಸಾಲಿನ ಪದ್ಯವಾದ ಭಾಮಿನಿ ಷಟ್ಪದಿಯ ಕೊನೆಯ ಸಾಲು:

"ನೀರ ನಡುವೆಯೆ ನಿಂತ ದೋಣಿಗೆ ನೀರೆ ಸಿಗಲಿಲ್ಲ"

ಎರಡನೆಯ ಅಕ್ಷರ 'ರ'ಕಾರ, ಅದರ ಹಿಂದೆ ದೀರ್ಘ. ಆರೂ ಸಾಲಿಗೆ ಇದೇ ಪ್ರಾಸ ಇರಲಿ. ಜಾಗ ಶ್ರೀನಗರದ ದಾಲ್ ಸರೋವರ, ಸುಮಾರು 1,580 ಮೀಟರ್ ಎತ್ತರ, ಪೂರ್ವಕ್ಕೆ ಜಬರ್ವಾನ್ ಬೆಟ್ಟ. ಋತು ನಿಮ್ಮ ಇಷ್ಟ. ಒಂದೇ ಕೋರಿಕೆ: ನಮ್ಮ ಮಲೆನಾಡಿನ ಆಷಾಢದ ಜಡಿಮಳೆಯನ್ನು ಅಲ್ಲಿಗೆ ಒಯ್ಯಬೇಡಿ. ಪೀರ್ ಪಂಜಾಲ್ ಬೆಟ್ಟಸಾಲು ಮುಂಗಾರನ್ನು ಬಹುಪಾಲು ತಡೆಯುತ್ತದೆ. ಕಣಿವೆಗೆ ಮಳೆ, ಹಿಮ ಜಾಸ್ತಿ ಬರುವುದು ಪಶ್ಚಿಮದಿಂದ, ಚಳಿಗಾಲ ಮತ್ತು ವಸಂತದಲ್ಲಿ.

ಪೂರಣ 1

ಊರ ಸುತ್ತಲ ಬೆಟ್ಟ ಬೆಳ್ಳಗೆ
ಜಾರಿಹೋಯಿತು ಹಗಲು ಬೇಗನೆ
ತೀರದಿಂದಲೆ ಹೆಪ್ಪುಗಟ್ಟುತ ಬಂತು ನಡುವರೆಗೆ
ಯಾರು ಹಾಸಿದ ಗಾಜೊ ಕಾಣೆನು
ಮೀರಿ ಮುಂದಕೆ ಹುಟ್ಟು ಸಾಗದು
ನೀರ ನಡುವೆಯೆ ನಿಂತ ದೋಣಿಗೆ ನೀರೆ ಸಿಗಲಿಲ್ಲ

– ಮೇಷ್ಟ್ರೇ, ಮಂಜುಗಡ್ಡೆಯೂ ನೀರೇ ಅಲ್ವಾ? ಹಾಗಾದರೆ ಸಮಸ್ಯೆ ಬಿಡಿಸಿದ ಹಾಗಾಯಿತಾ?

– ಆಯಿತು. ದೋಣಿ ನಡೆಸುವ ಹುಟ್ಟಿಗೆ ಅದು ನೀರಲ್ಲ, ಬರೀ ಕಲ್ಲು. ಅಲ್ಲಿನ ಅಂಬಿಗರು ಹುಟ್ಟಿನಿಂದಲೇ ಮಂಜು ಒಡೆದು ಶಿಕಾರಾಕ್ಕೆ, ಅಂದರೆ ಅಲ್ಲಿನ ದೋಣಿಗೆ, ದಾರಿ ಮಾಡಿಕೊಳ್ಳುತ್ತಾರೆ. ಡಿಸೆಂಬರ್ 21ರಿಂದ 40 ದಿನ ಚಿಲ್ಲೈ ಕಲಾನ್, ಕಡುಚಳಿಯ ಕಾಲ. 2021ರ ಜನವರಿಯಲ್ಲಿ ಶ್ರೀನಗರದ ರಾತ್ರಿ ಮೈನಸ್ 8.4 ಡಿಗ್ರಿಗೆ ಇಳಿದಿತ್ತು, ದಾಲ್ ಹೆಪ್ಪುಗಟ್ಟಿತ್ತು. ನನಗೆ ಬಹಳ ಹಿಡಿಸಿದ್ದು ಮೂರನೆಯ ಸಾಲು. ದಡದ ಕಡೆ ನೀರಿನ ಆಳ ಕಡಿಮೆ. ಅದು ಬೇಗ ತಣ್ಣಗಾಗುತ್ತದೆ, ಮಂಜು ಅಲ್ಲಿಂದಲೇ ಶುರುವಾಗುತ್ತದೆ. ತಳದಲ್ಲಿ 4 ಡಿಗ್ರಿಯ ಆಸುಪಾಸಿನ ಭಾರವಾದ ನೀರು ಉಳಿದು ಮೀನುಗಳು ಬದುಕುತ್ತವೆ. ಕವಿ ಇದನ್ನೆಲ್ಲ ಹೇಳಬೇಕಿಲ್ಲ, 'ತೀರದಿಂದಲೆ' ಅಂದರೆ ಸಾಕು. ಅದನ್ನು 'ತೀರದಿಂದಲೇ' ಎಂದು ಎಳೆದು ಓದಬೇಡಿ, ಒಂದು ಮಾತ್ರೆ (ಅಕ್ಷರ ಉಚ್ಚರಿಸುವ ಕಾಲದ ಅಳತೆ) ಜಾಸ್ತಿಯಾಗುತ್ತದೆ.

ಪೂರಣ 2

ಏರುಬಿಸಿಲಿಗೆ ತಾವರೆಯ ವನ
ತೋರಿತರಳುತ ಕೆಂಪುಕೆಂಪಗೆ
ಹಾರಿ ಕುಳಿತವು ಹಕ್ಕಿ ಎಲೆಗಳ ಚಾಪೆಯಂಗಳದಿ
ಬೇರು ದಂಟಿಗೆ ಹುಟ್ಟು ತೊಡರಿತು
ದಾರಿಯೆಲ್ಲಿದೆ ಅಂಬಿಗಣ್ಣನೆ
ನೀರ ನಡುವೆಯೆ ನಿಂತ ದೋಣಿಗೆ ನೀರೆ ಸಿಗಲಿಲ್ಲ

– ಅಕ್ಕಾ, ಒಳ್ಳೆಯ ಪೂರಣ! ಜುಲೈ, ಆಗಸ್ಟ್ ಕಣ್ಣ ಮುಂದೆ ಬಂತು. ನಾಲ್ಕನೆಯ ಸಾಲಿನಲ್ಲಿ ಅಡುಗೆಮನೆಯೂ ಇದೆ. ಕೆಸರಿನೊಳಗಿನ ತಾವರೆ ದಂಟನ್ನು ಅಲ್ಲಿಯವರು ನದ್ರು ಎನ್ನುತ್ತಾರೆ, ಮೊಸರು ಹಾಕಿ ಬೇಯಿಸುತ್ತಾರೆ.

ಪೂರಣ 3

ದೂರ ದಡದ ಚಿನಾರು ಹೊತ್ತಿತು
ಚೂರು ಗಾಳಿಯ ಸುಳಿವು ಕಾಣದು
ತೋರಿತಂಬರ ಬೆಟ್ಟಸಾಲಿನ ಜೊತೆಗೆ ತಲೆಕೆಳಗೆ
ಜಾರಿ ಮುಗಿಲಿನ ನಡುವೆ ಮೆಲ್ಲಗೆ
ಸೇರಿತುರಿಯುವ ಕೊಂಬೆ ರೆಂಬೆಯ
ನೀರ ನಡುವೆಯೆ ನಿಂತ ದೋಣಿಗೆ ನೀರೆ ಸಿಗಲಿಲ್ಲ

– ಇಲ್ಲಿ ನೀರು ಗಟ್ಟಿಯಾಗಿಲ್ಲ, ಎಲೆ ಮುಚ್ಚಿಲ್ಲ. ಆದರೂ ಕಾಣೆಯಾಗಿದೆ! ನನ್ನ ಮತ ಇದಕ್ಕೇ.

– ನನ್ನದೂ. ಕಾಶ್ಮೀರಿಗಳು ಹರುದ್ ಎನ್ನುವ ಈ ಶರತ್ಕಾಲದಲ್ಲಿ ಮಳೆ ಕಡಿಮೆ, ಗಾಳಿ ನಿಂತಾಗ ನೀರು ಕನ್ನಡಿಯೇ. ಚಿನಾರು ಮರದ ಎಲೆ ಕೆಂಪಾಗುವುದೂ ಆಗಲೇ. ಹೀಗೆ ಎರಡು ನಿಜಗಳನ್ನು ಸೇರಿಸಿದ್ದಕ್ಕೆ ಬೆಂಕಿಯ ಕಲ್ಪನೆ ನಿಂತಿತು. ಋತುವನ್ನು ಚೆನ್ನಾಗಿ ಗಮನಿಸಿದರೆ ಚಮತ್ಕಾರ ತಾನಾಗಿ ಒದಗುತ್ತದೆ, ಸುಮ್ನೆ ಪದ ತಿರುಚಬೇಕಾಗಿಲ್ಲ.

– ವಸಂತಕ್ಕೆ ಯಾರೂ ಕೈಹಾಕಿಲ್ಲವಲ್ಲ?

– ಅದು ಕಷ್ಟ. ಮಾರ್ಚ್, ಏಪ್ರಿಲ್‌ನಲ್ಲಿ ಮಳೆಯೂ ಬರುತ್ತದೆ, ಹಿಮವೂ ಕರಗಿ ಇಳಿಯುತ್ತದೆ. ಬಾದಾಮಿ ಹೂವು ಬಿಡುವ ಹೊತ್ತಿಗೆ ಎಲ್ಲೆಲ್ಲೂ ನೀರು. ಅಂಥ ಕಾಲದಲ್ಲಿ ದೋಣಿಗೆ ನೀರು ಸಿಗಲಿಲ್ಲ ಎನ್ನಿಸಬೇಕು. ಭಾನುವಾರ ರಾತ್ರಿಯವರೆಗೆ ಸಮಯವಿದೆ, ಹೊಸಬರೂ ಬರೆಯಿರಿ. ಮಾತ್ರೆ ತಪ್ಪಿದರೆ ಕೂತು ಸರಿಮಾಡೋಣ.