ಕೊಳೆ, ಕೊಲೆ ಮತ್ತು ಅಜ್ಜನ ಟ್ರಂಕು

ಕೇಳಿದ್ದು, ಸಾಗರದಿಂದ:

ಅಟ್ಟದ ಮೇಲಿದ್ದ ಅಜ್ಜನ ಟ್ರಂಕು ತೆಗೆದರೆ ಹಳೇ ಪೇಪರ್ ಕಟಿಂಗುಗಳ ರಾಶಿ. ನಮ್ಮೂರ ಶಾಲೆಯ ಸ್ಮರಣ ಸಂಚಿಕೆಗೆ ಇದರಲ್ಲೇ ಎರಡು ಪುಟ ನಗೆಬರಹ ಮಾಡಿಕೊಡು ಅಂತ ಹೆಡ್‌ಮಾಸ್ಟರು ಗಂಟುಬಿದ್ದಿದ್ದಾರೆ. ಬರೀ ತಲೆಬರಹ ಓದಿದರೆ ನಗು ಬರ್ತಾ ಇಲ್ಲ. ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಬಚ್ಚಲೊಲೆಗೆ ಹಾಕಲಿ? ಪೇಪರ್ ನಂಬಿ ನಿಮ್ಮ ಮನೆಯಲ್ಲಿ ಎಡವಟ್ಟಾಗಿದ್ದರೆ ದಯವಿಟ್ಟು ಹೇಳಿ.

ತೀರ್ಥಹಳ್ಳಿ ಕಡೆಯಿಂದ:

ಒಲೆಗೆ ಏನನ್ನೂ ಹಾಕಬೇಡ ಮಾರಾಯ. ತಲೆಬರಹದಲ್ಲಿ ನಗು ಇರುವುದಿಲ್ಲ, ಅದು ಮನೆಯೊಳಗೆ ಬಂದಮೇಲೆ ಏನಾಯಿತು ಅನ್ನುವುದರಲ್ಲಿ ಇರ್ತದೆ. ನಮ್ಮನೆಯದ್ದು ಕೇಳು.

ನಾನು ಹೈಸ್ಕೂಲಿನಲ್ಲಿದ್ದೆ. ಆ ವರ್ಷ ಆಶ್ಲೇಷ ಮಳೆ ಹೊಳವೇ ಕೊಡಲಿಲ್ಲ. ಮಳೆಗಾಲ ಹಿಡಿಯುವ ಮೊದಲೇ ಅಡಿಕೆ ತೋಟಕ್ಕೆ ಒಂದು ಸಲ ಕೊಳೆ ರೋಗದ ಔಷಧಿ ಬೋರ್ಡೋ ಹೊಡೆಸಿದ್ದೆವು. ಎರಡನೇ ಸಲಕ್ಕೆ ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಕಲಸಲು ಎಲ್ಲಾ ತಯಾರಿತ್ತು. ಆದರೆ ಜಾರುವ ಮರಕ್ಕೆ ಔಷಧಿ ಹೊಡೆಯುವ ಕೊನೆಗೌಡ ಹತ್ತಬೇಕಲ್ಲ! ಊರಿಗೆ ಊರೇ ಕೊಳೆ ಬಂತು. ಹಸಿ ಅಡಿಕೆ ಉದುರಿ ಬುಡದಲ್ಲೆಲ್ಲಾ ನಾತ. ಜಿಲ್ಲೆಯ ಒಂದು ಸಣ್ಣ ಪತ್ರಿಕೆಯವರು ಬಂದು ಬರೆದುಕೊಂಡು ಹೋದರು. ಮಾರನೇ ದಿನ ನಮ್ಮೂರ ಹೆಸರಿನ ಮುಂದೆ ದಪ್ಪಕ್ಷರದಲ್ಲಿ: ‘ತೋಟಗಳಲ್ಲಿ ಕೊಲೆ: ರೈತರು ಕಂಗಾಲು’.

ಒಂದೇ ಅಕ್ಷರ. ತಲೆಬರಹದಲ್ಲಷ್ಟೇ ಆಗಿದ್ದರೆ ತಪ್ಪು ಅಂತ ಗೊತ್ತಾಗುತ್ತಿತ್ತೇನೋ. ಒಳಗೂ ನಿಷ್ಠೆಯಿಂದ ಹಾಗೇ ಜೋಡಿಸಿದ್ದರು. ‘ಕಳೆದ ಬಾರಿಗಿಂತ ಈ ಬಾರಿ ಕೊಲೆ ಜಾಸ್ತಿ. ಸಕಾಲದಲ್ಲಿ ಔಷಧಿ ಹೊಡೆಯದಿದ್ದುದೇ ಕೊಲೆಗೆ ಕಾರಣ. ಸಬ್ಸಿಡಿ ಕೊಡಬೇಕೆಂದು ಗ್ರಾಮಸ್ಥರ ಆಗ್ರಹ.’

ಅಕ್ಕನನ್ನು ನೋಡಲು ಆ ಭಾನುವಾರ ಘಟ್ಟದ ಕೆಳಗಿನಿಂದ ಗಂಡಿನ ಕಡೆಯವರು ಬರುವುದಿತ್ತು. ಬರಲಿಲ್ಲ. ಊರಿನ ಪರಿಸ್ಥಿತಿ ತಿಳಿಯಾದ ಮೇಲೆ ನೋಡೋಣ ಅಂತ ಕಾರ್ಡು ಬಂತು. ದಾವಣಗೆರೆಯ ಅತ್ತೆ ಮಾತ್ರ ರಾತ್ರಿ ಬಸ್ಸು ಹಿಡಿದು ಬಂದೇಬಿಟ್ಟಳು. ಅಂಗಳದಲ್ಲೇ ಅಳು. ‘ಅಣ್ಣಾ, ಯಾರು ಹೋದ್ರೋ?’ ತೋಟದಿಂದ ಕಂಬಳಿಕೊಪ್ಪೆ ಹಾಕಿಕೊಂಡು ಬರುತ್ತಿದ್ದ ಅಪ್ಪ ಬೇಜಾರಿನಲ್ಲಿ ಅಂದ: ‘ಅರ್ಧಕ್ಕರ್ಧ ಹೋಯ್ತು ಕಣೇ.’ ಅತ್ತೆ ಜಗಲಿಯ ಮೇಲೆ ಕುಸಿದಳು.

ನಾಲ್ಕು ದಿನ ಬಿಟ್ಟು ತಿದ್ದುಪಡಿ ಹಾಕಿದರು, ಅಡಿಕೆ ಧಾರಣೆಯ ಕೆಳಗೆ ಎರಡು ಸಾಲು. ಧಾರಣೆ ಓದುವವರಿಗೆ ಅದು ಮೊದಲೇ ಗೊತ್ತಿತ್ತು. ಗೊತ್ತಾಗಬೇಕಾದವರು ಧಾರಣೆ ಓದುವವರಲ್ಲ. ಅಕ್ಕನಿಗೆ ಕೊಪ್ಪದ ಗಂಡು ಸಿಕ್ಕಿದ, ಚೆನ್ನಾಗಿದ್ದಾರೆ. ಭಾವ ಇವತ್ತಿಗೂ ಮಳೆಗಾಲದಲ್ಲಿ ಫೋನು ಮಾಡಿದರೆ ಮೊದಲು ಕೇಳುವುದು, ‘ಈ ಸಲ ಕೊಲೆ ಎಷ್ಟು?’

ಹಾಗಾಗಿ ನನ್ನ ಸಲಹೆ: ತಲೆಬರಹದ ಜೊತೆ ಮುಂದಿನ ವಾರದ ಪೇಪರನ್ನೂ ಹುಡುಕು. ತಿದ್ದುಪಡಿ ಸಿಕ್ಕರೆ ನಿನ್ನ ಲೇಖನ ಅರ್ಧ ಮುಗಿದಂತೆ.

ಶಿವಮೊಗ್ಗದಿಂದ, ಮೊದಲು ಪ್ರೆಸ್ಸಿನಲ್ಲಿದ್ದವರು:

ಬೈಯುವ ಮೊದಲು ನಮ್ಮ ಕಷ್ಟವನ್ನೂ ಕೇಳಿ. ಅಚ್ಚಿನ ಮೊಳೆ ಜೋಡಿಸುವಾಗ ಅಕ್ಷರ ಕಣ್ಣಿಗೆ ಕಾಣುವುದೇ ಉಲ್ಟಾ. ಅಚ್ಚಾದ ಮೇಲೆ ಮೊಳೆಗಳನ್ನು ಬಿಚ್ಚಿ ವಾಪಸ್ ಆಯಾ ಮನೆಗೆ ತುಂಬಬೇಕು. ‘ಲ’ ಮನೆಗೂ ‘ಳ’ ಮನೆಗೂ ಕೈ ತಪ್ಪಿತೋ, ನಾಳೆಯ ಪತ್ರಿಕೆಯಲ್ಲಿ ಕೊಲೆಯೇ. ಕರೆಂಟು ಹೋದರೆ ಪ್ರೂಫು ನೋಡುವುದು ಚಿಮಣಿ ಬೆಳಕಲ್ಲಿ.

ನಾವೇನು, ಅಮೆರಿಕದ ‘ಶಿಕಾಗೋ ಡೈಲಿ ಟ್ರಿಬ್ಯೂನ್’ 1948ರ ಅಧ್ಯಕ್ಷ ಚುನಾವಣೆಯಲ್ಲಿ ಟ್ರೂಮನ್ ಸೋತರು, ಡ್ಯೂಯಿ ಗೆದ್ದರು ಅಂತ ಮುಖಪುಟದಲ್ಲೇ ಹಾಕಿತ್ತು. ಅಲ್ಲೂ ಅಚ್ಚುಮನೆಯ ಕೆಲಸಗಾರರ ಮುಷ್ಕರ. ಎಷ್ಟೋ ತಾಸು ಮೊದಲೇ ಪುಟ ಕಟ್ಟಬೇಕಾಗಿತ್ತು, ಎಣಿಕೆ ಮುಗಿಯುವತನಕ ಕಾಯುವ ಹಾಗಿರಲಿಲ್ಲ. ಗೆದ್ದ ಟ್ರೂಮನ್ ಆ ಪೇಪರನ್ನೇ ಎತ್ತಿ ಹಿಡಿದು ಹಲ್ಲು ಕಿಸಿದ ಫೋಟೊ ಎಲ್ಲರೂ ನೋಡಿದ್ದೇ. ಅದನ್ನು ಜೋಡಿಸಿದವನ ಮುಖ ಹೇಗಿತ್ತೋ, ನನಗೆ ಅದೇ ಯೋಚನೆ.

ಹೊಸನಗರದಿಂದ, ನಿವೃತ್ತ ಮೇಷ್ಟ್ರು:

1979ರ ಕಟಿಂಗು ಇದ್ದರೆ ಬೇರೆ ಕವರಿನಲ್ಲಿ ಇಡಿ. ಆ ವರ್ಷ ಮಾರ್ಚ್ 22ರಂದು ಜಯಪ್ರಕಾಶ ನಾರಾಯಣರು ತೀರಿಕೊಂಡರೆಂದು ಪ್ರಧಾನಿ ಮೊರಾರ್ಜಿ ದೇಸಾಯಿಯವರು ಲೋಕಸಭೆಯಲ್ಲೇ ಹೇಳಿದರು, ರೇಡಿಯೋದಲ್ಲೂ ಬಂತು. ನಮ್ಮ ಶಾಲೆಯಲ್ಲಿ ಮೌನ ಆಚರಿಸಿ, ನಾನು ಹತ್ತು ನಿಮಿಷ ಗದ್ಗದಿತನಾಗಿ ಮಾತಾಡಿ, ಮಕ್ಕಳನ್ನು ಮನೆಗೆ ಬಿಟ್ಟೆವು. ಜೆಪಿ ಮುಂಬೈಯ ಆಸ್ಪತ್ರೆಯಲ್ಲಿ ಬದುಕಿದ್ದರು! ಮಾರನೇ ದಿನ ಕೊನೇ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, ‘ಸಾರ್, ಬದುಕಿದ್ದಕ್ಕೂ ರಜಾ ಕೊಡಿ’ ಅಂದ. ಅವರು ನಿಜಕ್ಕೂ ಹೋಗಿದ್ದು ಅಕ್ಟೋಬರ್ 8ಕ್ಕೆ. ಸುದ್ದಿ ಹೇಳಲು ಬಂದವನನ್ನು ನಾನು ಎರಡು ಸಲ ಖಾತ್ರಿಯಾ ಅಂತ ಕೇಳಿದೆ.

ನಡುವೆ ಜುಲೈಯಲ್ಲಿ ಸ್ಕೈಲ್ಯಾಬ್, ಅಮೆರಿಕದ ಬಾಹ್ಯಾಕಾಶ ನಿಲ್ದಾಣ. ಎಪ್ಪತ್ತೇಳು ಟನ್ನಿನ ಅಟ್ಟಳಿಗೆ ಆಕಾಶದಿಂದ ಬೀಳ್ತದೆ, ಎಲ್ಲಿ ಅಂತ ಯಾರಿಗೂ ಗೊತ್ತಿಲ್ಲ ಅಂತ ದಿನಾ ಪೇಪರು. ನಮ್ಮಲ್ಲಿ ನೆಟ್ಟಿ ಸಮಯ. ಗದ್ದೆಗೆ ಆಳು ಬರಲಿಲ್ಲ, ಸಾಯುವುದಾದರೆ ಕೆಸರಲ್ಲಿ ಯಾಕೆ ಅಂತ. ಪಕ್ಕದ ಮನೆಯವರು ಹಬ್ಬಕ್ಕೆಂದು ಸಾಕಿದ್ದ ಹುಂಜವನ್ನು ಅವತ್ತೇ ಸಾರು ಮಾಡಿದರು. ಸಾಲ ವಾಪಸ್ ಕೇಳಲು ಹೋದ ನನಗೆ, ‘ಬೀಳೋದು ಬೀಳ್ಲಿ ಮೇಷ್ಟ್ರೇ, ಆಮೇಲೆ ನೋಡುವ’ ಎಂಬ ಉತ್ತರ. ಜುಲೈ 11ಕ್ಕೆ ಅದು ಹಿಂದೂ ಮಹಾಸಾಗರದಲ್ಲೂ ಪಶ್ಚಿಮ ಆಸ್ಟ್ರೇಲಿಯಾದಲ್ಲೂ ಚೂರುಚೂರಾಗಿ ಬಿತ್ತು. ಅಲ್ಲಿನ ಎಸ್ಪರೆನ್ಸ್ ಊರಿನವರು ಕಸ ಹಾಕಿದ್ದಕ್ಕೆ ನಾಸಾಕ್ಕೆ 400 ಡಾಲರ್ ದಂಡ ಹಾಕಿದರು. ನನ್ನ ಸಾಲ ಬರಲಿಲ್ಲ. ಹುಂಜವೂ ಬರಲಿಲ್ಲ ಅಂತ ಪಕ್ಕದ ಮನೆಯಾಕೆ ಬಹಳ ಕಾಲ ಹೇಳುತ್ತಿದ್ದರು.

ಶಿವಮೊಗ್ಗದಿಂದ ಇನ್ನೊಬ್ಬರು:

‘ಶೀಘ್ರ’ ಅನ್ನುವ ಪದ ಇರುವ ತಲೆಬರಹಗಳನ್ನೆಲ್ಲ ಒಟ್ಟು ಮಾಡಿ. ಸೋಗಾನೆ ವಿಮಾನ ನಿಲ್ದಾಣಕ್ಕೆ 2008ರಲ್ಲಿ ಶಂಕುಸ್ಥಾಪನೆ ಆದಾಗ ನಮ್ಮ ಚಿಕ್ಕಪ್ಪ, ಶೀಘ್ರದಲ್ಲೇ ವಿಮಾನ ಅಂತ ಓದಿ, ಊರಿನ ಬಸ್ಸಿನಲ್ಲಿ ಹೋಗುವವರನ್ನು ಕಂಡರೆ ಅಯ್ಯೋ ಪಾಪ ಅನ್ನುತ್ತಿದ್ದರು. ಉದ್ಘಾಟನೆ ಆಗಿದ್ದು 2023ರ ಫೆಬ್ರವರಿ 27. ಹದಿನೈದು ವರ್ಷ ಅವರು ಬೆಂಗಳೂರಿಗೆ ಹೋಗಿದ್ದು ಅದೇ ಬಸ್ಸಿನಲ್ಲಿ, ಕಿಟಕಿ ಪಕ್ಕದ ಸೀಟಿನಲ್ಲಿ. ತಾಳಗುಪ್ಪದಿಂದ ಹೊನ್ನಾವರಕ್ಕೆ ಶೀಘ್ರದಲ್ಲೇ ರೈಲು ಅನ್ನುವ ಕಟಿಂಗು ಸಿಕ್ಕರೆ ದಿನಾಂಕ ಮುಚ್ಚಿ ಮನೆಯವರಿಗೆ ತೋರಿಸಿ. ಯಾವ ವರ್ಷದ್ದು ಅಂತ ಯಾರಾದರೂ ಹೇಳಿದರೆ ಕಾಫಿ ನನ್ನದು.

ಸೊರಬದಿಂದ:

ಕೆಲಸದ ಮಾತು. ಸೆಲ್ಲೋ ಟೇಪ್ ಅಂಟಿಸಬೇಡಿ, ಲ್ಯಾಮಿನೇಷನ್ ಬೇಡವೇ ಬೇಡ. ಹಳೇ ನ್ಯೂಸ್‌ಪ್ರಿಂಟು ಮಡಿಕೆಯಲ್ಲೇ ಮುರಿಯುತ್ತದೆ, ಮೊದಲು ಎರಡೂ ಬದಿಯ ಫೋಟೊ ತೆಗೆಯಿರಿ. ನಮ್ಮ ಮಳೆಗೆ ಬೂಷ್ಟು ಹಿಡಿಯುವುದರಿಂದ ಬಿಸಿಲಿರುವಾಗಲೇ ಮಾಡಿ ಮುಗಿಸಿ. ದಿನಾಂಕ ಕತ್ತರಿಸಿ ಹೋಗಿದ್ದರೆ ಹಿಂಬದಿ ನೋಡಿ, ಸಿನಿಮಾ ಜಾಹೀರಾತೋ ಧಾರಣೆಯೋ ಸಿಕ್ಕರೆ ವರ್ಷ ಹಿಡಿಯಬಹುದು. ಹಾಗೇ, ಅಜ್ಜ ಇಟ್ಟುಕೊಂಡಿದ್ದು ಯಾವ ಬದಿಗಾಗಿ ಅಂತಲೂ ಗೊತ್ತಾಗುತ್ತದೆ.

ಸಾಗರದಿಂದ, ಕೇಳಿದವರು:

ಎಲ್ಲರಿಗೂ ದೊಡ್ಡ ನಮಸ್ಕಾರ. ಈಗಷ್ಟೇ ತಿರುಗಿಸಿ ನೋಡಿದೆ. ಸ್ಕೈಲ್ಯಾಬ್ ಕಟಿಂಗಿನ ಹಿಂದೆ ಮೈಲುತುತ್ತದ ಜಾಹೀರಾತು. ಅಜ್ಜನ ಕೆಂಪು ಶಾಯಿಯ ಗೆರೆ ಇರುವುದು ಅದಕ್ಕೆ.