ಬಾಡಿಗೆ ಜೆಟ್‌ನಲ್ಲಿ ಅಪ್ಪ ಅಮ್ಮನನ್ನು ಮಾಲ್ಡೀವ್ಸ್‌ಗೆ ಕರೆದೊಯ್ಯುವ ಮುನ್ನ: ಪ್ರಶ್ನೋತ್ತರ

ಪ್ರಶ್ನೆ (ಮೈಸೂರಿನ ಸದಸ್ಯರು): ಮೇಡಂ, ನಮಸ್ಕಾರ. ನೀವು ಚಾರ್ಟರ್, ಅಂದರೆ ಇಡಿಯಾಗಿ ಬಾಡಿಗೆಗೆ ಕೊಡುವ ವಿಮಾನಗಳ ಕಾರ್ಯಾಚರಣೆ ವಿಭಾಗದಲ್ಲಿದ್ದೀರಿ ಎಂದು ಗುಂಪಿನಲ್ಲಿ ಓದಿ ಕೇಳುತ್ತಿದ್ದೇನೆ. ಬರುವ ಫೆಬ್ರುವರಿಗೆ ನಮ್ಮ ತಂದೆ ತಾಯಿಯ ಮದುವೆಯಾಗಿ ಐವತ್ತು ವರ್ಷ. ಮಕ್ಕಳೆಲ್ಲ ಸೇರಿ ಅವರನ್ನು ಮಾಲ್ಡೀವ್ಸ್‌ಗೆ ಕರೆದೊಯ್ಯಬೇಕೆಂದಿದ್ದೇವೆ. ಒಟ್ಟು ಎಂಟು ಮಂದಿ, ನಾಲ್ಕು ರಾತ್ರಿ. ಅಮ್ಮನಿಗೆ ಎರಡೂ ಮಂಡಿಗಳ ಶಸ್ತ್ರಚಿಕಿತ್ಸೆಯಾಗಿದೆ. ದೊಡ್ಡ ನಿಲ್ದಾಣದ ಸಾಲು, ನಡಿಗೆ ಬೇಡವೆಂದೇ ಜೆಟ್ ಬಾಡಿಗೆಗೆ ಪಡೆಯುವ ಯೋಚನೆ. ಏಜೆಂಟರೊಬ್ಬರು ಗಂಟೆಗೆ ಮೂರೂವರೆ ಲಕ್ಷ ಎಂದಿದ್ದಾರೆ. ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ, ಒಟ್ಟು ಹದಿನಾಲ್ಕು ಲಕ್ಷ ಎಂದು ಲೆಕ್ಕ ಹಾಕಿದ್ದೇವೆ. ಸರಿಯೇ? ನಮ್ಮೂರಿನ ಮಂಡಕಳ್ಳಿ ನಿಲ್ದಾಣದಿಂದಲೇ ಹೊರಡಬಹುದೇ?

ಉತ್ತರ: ನಮಸ್ಕಾರ ಸರ್. ನಿಮ್ಮ ತಂದೆ ತಾಯಿಗೆ ಶುಭಾಶಯಗಳು. ಲೆಕ್ಕ ಸರಿಯಿಲ್ಲ, ಅದನ್ನೇ ಮೊದಲು ಬಿಡಿಸುತ್ತೇನೆ.

ನಿಮ್ಮನ್ನು ಇಳಿಸಿದ ಮೇಲೆ ವಿಮಾನ ಎಲ್ಲಿರುತ್ತದೆ? ಅಲ್ಲೇ ನಿಂತರೆ ನಿಲುಗಡೆ ಶುಲ್ಕ, ಪೈಲಟ್‌ಗಳ ಹೋಟೆಲ್ ಖರ್ಚು ನಿಮ್ಮದು. ಜೊತೆಗೆ ವಿಮಾನ ಹಾರದೆ ನಿಂತರೂ ಹಲವು ಕಂಪನಿಗಳು ದಿನಕ್ಕೆ ಕನಿಷ್ಠ ಎರಡು ಗಂಟೆಯ ಬಾಡಿಗೆ ಹಾಕುತ್ತವೆ. ನಾಲ್ಕು ರಾತ್ರಿಯೆಂದರೆ ಐದು ದಿನ, ಅಂದರೆ ಹೋಗಿಬರುವ ಹಾರಾಟವೂ ಸೇರಿ ಹತ್ತು ಗಂಟೆ. ಬದಲಿಗೆ ವಿಮಾನ ಖಾಲಿಯಾಗಿ ಬೆಂಗಳೂರಿಗೆ ಮರಳಿ, ಐದನೇ ದಿನ ಖಾಲಿಯಾಗಿ ಬಂದು ನಿಮ್ಮನ್ನು ಕರೆತಂದರೆ ಎಂಟು ಗಂಟೆ. ಏಜೆಂಟರ ದರದಲ್ಲೇ ಅದು 28 ಲಕ್ಷ. ಎರಡೇ ರಾತ್ರಿಯಾದರೆ ಲೆಕ್ಕ ತಿರುಗುತ್ತದೆ: ಮೂರು ದಿನಕ್ಕೆ ಆರು ಗಂಟೆ, ಆಗ ಅಲ್ಲೇ ನಿಲ್ಲಿಸಿಕೊಳ್ಳುವುದು ಅಗ್ಗ. ಇದೆಲ್ಲ ವಿಮಾನದ ನೆಲೆ ಬೆಂಗಳೂರಾಗಿದ್ದರೆ ಮಾತ್ರ. ಅದು ದೆಹಲಿಯಲ್ಲೋ ಮುಂಬೈಯಲ್ಲೋ ಇರುವ ವಿಮಾನವಾದರೆ ಅಲ್ಲಿಂದ ಬಂದು ಹೋಗುವ ಗಂಟೆಗಳೂ ನಿಮ್ಮ ಬಿಲ್ಲಿಗೇ. ಇವುಗಳ ಮೇಲೆ ಇಳಿಯುವ ಶುಲ್ಕ, ನಿಲ್ದಾಣದ ಹ್ಯಾಂಡ್ಲಿಂಗ್ ಶುಲ್ಕ, ಶೇ 18ರ ಜಿಎಸ್‌ಟಿ. ಒಂದೊಂದನ್ನೂ ಕೊಟೇಶನ್‌ನಲ್ಲಿ ಬೇರೆ ಬೇರೆ ಸಾಲಿನಲ್ಲಿ ಬರೆಸಿಕೊಳ್ಳಿ. ಗಂಟೆಯ ದರ ಮಾತ್ರ ಹೇಳಿ ಉಳಿದದ್ದನ್ನು ನುಂಗುವ ಕೊಟೇಶನ್ ನನಗೆ ಸಿಟ್ಟು ತರಿಸುತ್ತದೆ.

ಏಜೆಂಟರು ಬಹುಶಃ ಹೇಳದ ಇನ್ನೊಂದು ಖರ್ಚಿದೆ. ಮಾಲ್ಡೀವ್ಸ್ 2024ರ ಡಿಸೆಂಬರ್‌ನಿಂದ ದೇಶ ಬಿಡುವವರ ಮೇಲಿನ ತೆರಿಗೆಯನ್ನು ಏರಿಸಿದೆ. ಸಾಮಾನ್ಯ ಎಕಾನಮಿ ಪ್ರಯಾಣಿಕರಿಗೆ ನಿರ್ಗಮನ ತೆರಿಗೆ 50 ಡಾಲರ್, ವಿಮಾನ ನಿಲ್ದಾಣ ಅಭಿವೃದ್ಧಿ ಶುಲ್ಕ ಇನ್ನೊಂದು 50. ಖಾಸಗಿ ಜೆಟ್‌ನವರಿಗೆ ಇವೆರಡೂ ತಲಾ 480 ಡಾಲರ್. ಅಂದರೆ ಒಬ್ಬರಿಗೆ 960, ನಿಮ್ಮ ಎಂಟು ಮಂದಿಗೆ 7,680 ಡಾಲರ್.

ಮಂಡಕಳ್ಳಿಯ ವಿಷಯ. ಅಲ್ಲಿನ ರನ್‌ವೇ 1,740 ಮೀಟರ್, ಸಣ್ಣ ಜೆಟ್ ಇಳಿಯಬಹುದು. ಆದರೆ ದೇಶ ಬಿಡಬೇಕಾದರೆ ವಲಸೆ ಮತ್ತು ಸುಂಕ ತಪಾಸಣೆ ಇರುವ ನಿಲ್ದಾಣದಿಂದಲೇ ಹೊರಡಬೇಕು. ಮೈಸೂರಿನಲ್ಲಿ ಹತ್ತಿದರೂ ದೇವನಹಳ್ಳಿಯಲ್ಲೋ ಕೊಚ್ಚಿಯಲ್ಲೋ ಎಲ್ಲರೂ ಇಳಿದು ಮತ್ತೆ ಹತ್ತಬೇಕು. ಅಮ್ಮನಿಗೆ ಎರಡು ಸಲ ಮೆಟ್ಟಿಲು. ಹಿಂದಿನ ದಿನವೇ ನಿಧಾನವಾಗಿ ಕಾರಿನಲ್ಲಿ ಬೆಂಗಳೂರಿಗೆ ಬಂದು ನಿಲ್ದಾಣದ ಹತ್ತಿರ ತಂಗಿ.

ಇನ್ನು ಅಮ್ಮನ ಮಂಡಿ. ನನ್ನ ಪ್ರಕಾರ ನಿಮ್ಮ ಪ್ರವಾಸದ ನಿಜವಾದ ಪ್ರಶ್ನೆ ಇದೇ. ಜೆಟ್‌ಗೆ ಏರೋಬ್ರಿಜ್, ಅಂದರೆ ನಿಲ್ದಾಣದ ಕಟ್ಟಡದಿಂದ ವಿಮಾನದ ಬಾಗಿಲಿಗೆ ಜೋಡಿಸುವ ಸೇತುವೆ, ಇರುವುದಿಲ್ಲ. ಬಾಗಿಲೇ ಕೆಳಗೆ ಮಡಚಿ ಮೆಟ್ಟಿಲಾಗುತ್ತದೆ. ಮೆಟ್ಟಿಲುಗಳು ಕಡಿದು, ಇಕ್ಕಟ್ಟು. ಒಳಗಿನ ಎತ್ತರವನ್ನೂ ಕೇಳಬೇಕು. ಕಿಂಗ್ ಏರ್ ಬಿ200, ಸೈಟೇಶನ್ ಸಿಜೆ2 ವಿಮಾನಗಳ ಕ್ಯಾಬಿನ್ ಐದು ಅಡಿಗೂ ಕಡಿಮೆ. ಬಗ್ಗಿಕೊಂಡೇ ಸೀಟಿಗೆ ಹೋಗಬೇಕು. ಹಾಕರ್ 800 ಸುಮಾರು ಐದು ಮುಕ್ಕಾಲು ಅಡಿ. ಚಾಲೆಂಜರ್ 605ರಲ್ಲಿ ಆರು ಅಡಿಯವರೂ ನೆಟ್ಟಗೆ ನಿಲ್ಲಬಹುದು, ಬಾಡಿಗೆಯೂ ಅದಕ್ಕೆ ತಕ್ಕಂತೆ ಹೆಚ್ಚು. ಮಂಡಿ ಮಡಚಲು ಕಷ್ಟವಿರುವವರನ್ನು ಸಿಜೆ2ಗೆ ಹತ್ತಿಸಬೇಡಿ ಎಂದೇ ಹೇಳುತ್ತೇನೆ. ಬೆಂಗಳೂರಿನಿಂದ ಮಾಲೆಗೆ ಸಾಮಾನ್ಯ ವಿಮಾನವೂ ನೇರವಾಗಿ ಹೋಗುತ್ತದೆ. ಅದರಲ್ಲಿ ಗಾಲಿಕುರ್ಚಿಯ ಸೇವೆ ಉಚಿತ. ಜೆಟ್ ಬೇಡ ಎನ್ನುತ್ತಿಲ್ಲ. ಸಾಲು, ಗದ್ದಲ, ಕಾಯುವಿಕೆ ಅದರಿಂದ ತಪ್ಪುತ್ತವೆ. ಮೆಟ್ಟಿಲು ತಪ್ಪುವುದಿಲ್ಲ.

ಮಾಲೆಯಲ್ಲಿ ಇಳಿದ ಮೇಲಿನ ಹಾದಿ ಇನ್ನೂ ಮುಖ್ಯ. ದೂರದ ದ್ವೀಪವಾದರೆ ವೆಲಾನಾ ನಿಲ್ದಾಣದಿಂದ ಸೀಪ್ಲೇನ್. ಅದು ನೀರಿನ ಮೇಲೆ ಇಳಿಯುವ ಟ್ವಿನ್ ಆಟರ್ ಎಂಬ ಸಣ್ಣ ವಿಮಾನ; ನೀರಿನ ಮೇಲೆ ತೇಲುವ ಕಟ್ಟೆಯಿಂದ ಹತ್ತಬೇಕು, ಒಳಗೆ ಇಕ್ಕಟ್ಟು, ಸದ್ದು. ಹಗಲು ಮಾತ್ರ ಹಾರುತ್ತದೆ. ಮಧ್ಯಾಹ್ನ ಮೂರೂವರೆಯ ನಂತರ ಇಳಿದವರಿಗೆ ಅಂದು ಸೀಪ್ಲೇನ್ ಸಿಗುವುದು ಅನುಮಾನ. ಮಾಲೆಯಲ್ಲೇ ರಾತ್ರಿ ಕಳೆಯಬೇಕಾಗಬಹುದು. ಲಕ್ಷಗಟ್ಟಲೆ ಕೊಟ್ಟ ಜೆಟ್ ಸಂಜೆ ಹೊರಟು ಇಡೀ ದಿನ ಕೈತಪ್ಪುವುದು ಹೀಗೆ. ಸೀಪ್ಲೇನ್‌ನಲ್ಲಿ ಸಾಮಾನು ಸಾಮಾನ್ಯವಾಗಿ ಒಬ್ಬರಿಗೆ 20 ಕಿಲೋ, ಕೈಚೀಲ 5 ಕಿಲೋ; ಜೆಟ್‌ನಲ್ಲಿ ಹಿಡಿಸಿದ್ದೆಲ್ಲ ಇದರಲ್ಲಿ ಹಿಡಿಸುವುದಿಲ್ಲ. ಆದ್ದರಿಂದ ರೆಸಾರ್ಟ್ ಮೊದಲು ಆರಿಸಿ, ಜೆಟ್ ಆಮೇಲೆ. ಉತ್ತರ ಅಥವಾ ದಕ್ಷಿಣ ಮಾಲೆ ಹವಳದ್ವೀಪ ಸಮೂಹದಲ್ಲಾದರೆ ಸ್ಪೀಡ್‌ಬೋಟ್ ಸಾಕು, ಫೆಬ್ರುವರಿಯಲ್ಲಿ ಕಡಲೂ ಸಾಮಾನ್ಯವಾಗಿ ಶಾಂತ. ನೂನು ಸಮೂಹದ ರೆಸಾರ್ಟ್ ಆದರೆ ಮಾಫಾರು ನಿಲ್ದಾಣದಲ್ಲಿ ಜೆಟ್ ನೇರವಾಗಿ ಇಳಿಯಬಹುದು, ಅಲ್ಲಿಂದ ದೋಣಿ.

ಪ್ರಶ್ನೆ (ಅದೇ ಸದಸ್ಯರು): ಬಹಳ ಉಪಕಾರವಾಯಿತು ಮೇಡಂ. ಸೀಪ್ಲೇನ್ ಬಿಟ್ಟುಬಿಡುತ್ತೇವೆ. ಇನ್ನೊಂದು ಮಾತು. ಪರಿಚಯದವರೊಬ್ಬರು ಉದ್ಯಮಿಯ ಸ್ವಂತ ಜೆಟ್ ಇದೆ, ಅರ್ಧ ದರಕ್ಕೆ ಕೊಡಿಸುತ್ತೇನೆ ಎನ್ನುತ್ತಿದ್ದಾರೆ. ಒಪ್ಪಬಹುದೇ?

ಉತ್ತರ: ಬೇಡ ಸರ್. ದಯವಿಟ್ಟು ಬೇಡ.

ನಮ್ಮ ದೇಶದಲ್ಲಿ ಹಣ ಪಡೆದು ಚಾರ್ಟರ್ ಹಾರಿಸುವವರಿಗೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ನಾನ್ ಷೆಡ್ಯೂಲ್ಡ್ ಆಪರೇಟರ್ ಪರ್ಮಿಟ್ ಕೊಟ್ಟಿರಬೇಕು. ಸ್ವಂತ ಬಳಕೆಗೆಂದು ನೋಂದಾಯಿಸಿದ ವಿಮಾನದಲ್ಲಿ ಮಾಲೀಕರು ತಮ್ಮವರನ್ನು ಕರೆದೊಯ್ಯಬಹುದು, ಬಾಡಿಗೆ ಪಡೆಯುವಂತಿಲ್ಲ. ಪರ್ಮಿಟ್ ಇರುವವರು ಪೈಲಟ್‌ಗಳ ಕರ್ತವ್ಯದ ಅವಧಿ, ತರಬೇತಿ, ವಿಮಾನದ ನಿರ್ವಹಣೆಯ ವಿಷಯದಲ್ಲಿ ವಾಣಿಜ್ಯ ಹಾರಾಟದ ನಿಯಮಗಳಿಗೆ ಒಳಪಟ್ಟಿರುತ್ತಾರೆ. ಸ್ವಂತ ಬಳಕೆಯ ವಿಮಾನಕ್ಕೆ ಅದೇ ಬಿಗಿ ಇರುವುದಿಲ್ಲ. ಏನಾದರೂ ಆದರೆ, ಬಾಡಿಗೆ ಪಡೆದದ್ದೇ ವಿಮೆಯ ಷರತ್ತಿಗೆ ವಿರುದ್ಧ ಎಂದು ವಿಮಾ ಕಂಪನಿ ಕೈತೊಳೆದುಕೊಳ್ಳಬಹುದು. ಅರ್ಧ ದರದಲ್ಲಿ ಉಳಿಯುವ ಹಣ ಬಂದದ್ದೇ ಈ ಬಿಗಿ ಇಲ್ಲದ್ದರಿಂದ.

ಪರಿಶೀಲಿಸುವುದು ಕಷ್ಟವಲ್ಲ. ವಿಮಾನದ ನೋಂದಣಿ ಸಂಖ್ಯೆ ಕೇಳಿ. ನಮ್ಮ ದೇಶದ್ದಾದರೆ ‘ವಿಟಿ’ ಎಂದು ಆರಂಭವಾಗುತ್ತದೆ. ಪರ್ಮಿಟ್‌ನ ಪ್ರತಿ ಕೇಳಿ, ಆ ವಿಮಾನ ಅದರಲ್ಲಿ ಸೇರಿದೆಯೇ, ಅವಧಿ ಮುಗಿದಿಲ್ಲವೇ ನೋಡಿ. ಪರ್ಮಿಟ್ ಹೊಂದಿದವರ ಪಟ್ಟಿ ಡಿಜಿಸಿಎ ಜಾಲತಾಣದಲ್ಲೇ ಇದೆ. ಏಜೆಂಟರು ಮಧ್ಯವರ್ತಿಗಳಷ್ಟೆ. ವಿಮಾನ ಹಾರಿಸುವ ಕಂಪನಿಯ ಹೆಸರು ಒಪ್ಪಂದದಲ್ಲಿ ಇರಲೇಬೇಕು. ಪರ್ಮಿಟ್ ಪ್ರತಿ ಕೇಳಿದ್ದಕ್ಕೆ ಮುಖ ಸಿಂಡರಿಸುವವರ ಜೊತೆ ಮಾತು ಮುಂದುವರಿಸಬೇಡಿ.

ಪ್ರಶ್ನೆ (ಹುಬ್ಬಳ್ಳಿಯ ಸದಸ್ಯೆ): ಮೇಡಂ, ನಾವು ವರ್ಷಾಂತ್ಯಕ್ಕೆ ಬೆಂಗಳೂರಿನಿಂದ ಗೋವಾಕ್ಕೆ ಹೋಗುವವರು. ‘ಎಂಪ್ಟಿ ಲೆಗ್’ ಎಂದರೆ ಅಗ್ಗ ಎನ್ನುತ್ತಾರಲ್ಲ?

ಉತ್ತರ: ಯಾರನ್ನೋ ಬಿಟ್ಟು ಖಾಲಿಯಾಗಿ ಮರಳುವ ವಿಮಾನ ಅದು. ಅಗ್ಗ ನಿಜ. ಆದರೆ ಮೂಲ ಗ್ರಾಹಕರು ದಿನ ಬದಲಿಸಿದರೆ ನಿಮ್ಮ ಪ್ರಯಾಣವೂ ಬದಲಾಗುತ್ತದೆ, ರದ್ದೂ ಆಗಬಹುದು. ಮುಹೂರ್ತ, ಮದುವೆ ಇರುವವರಿಗೆ ಹೇಳಿದ್ದಲ್ಲ. ವರ್ಷಾಂತ್ಯದ ಗೋವಾದಲ್ಲಿ ಜೆಟ್ ನಿಲ್ಲಿಸಲು ಜಾಗ ಸಿಗುವುದೇ ಕಷ್ಟ. ಅಲ್ಲಿನ ಹಳೆಯ ನಿಲ್ದಾಣ ದಾಬೋಲಿಂ ನೌಕಾಪಡೆಯ ನೆಲೆ, ಅವರ ಹಾರಾಟದ ಹೊತ್ತಿನಲ್ಲಿ ನಾಗರಿಕ ವಿಮಾನಗಳಿಗೆ ನಿರ್ಬಂಧವಿರುತ್ತದೆ. 2023ರ ಜನವರಿಯಲ್ಲಿ ಗೋವಾದ ಹೊಸ ನಿಲ್ದಾಣ ಮೋಪಾ ಶುರುವಾದ ಮೇಲೆ ಸ್ವಲ್ಪ ಸಲೀಸಾಗಿದೆ. ಜಾಗವಿಲ್ಲದಿದ್ದರೆ ನಿಮ್ಮನ್ನು ಇಳಿಸಿ ವಿಮಾನವನ್ನು ನಿಮ್ಮೂರಿಗೋ ಬೆಳಗಾವಿಗೋ ಒಯ್ದು ನಿಲ್ಲಿಸುತ್ತಾರೆ. ಆ ಹಾರಾಟದ ಖರ್ಚು ಯಾರದ್ದು ಎಂದು ಮೊದಲೇ ಕೇಳಿ.

ಪ್ರಶ್ನೆ (ಮಂಗಳೂರಿನ ಸದಸ್ಯರು): ಇಷ್ಟು ಹಣ ಕೊಟ್ಟ ಮೇಲೆ ನಮಗೆ ಬೇಕಾದ ಹೊತ್ತಿಗೆ ಹೊರಡಬಹುದಲ್ಲವೇ?

ಉತ್ತರ: ಹೊರಡುವ ವೇಳೆಯನ್ನು ನೀವು ಸೂಚಿಸಬಹುದು. ಆ ವೇಳೆಗೆ ನಿಲ್ದಾಣದ ಸ್ಲಾಟ್, ಅಂದರೆ ಹಾರಲು ಗೊತ್ತುಪಡಿಸಿದ ಸಮಯ, ಸಿಗಬೇಕು, ಮಾಲ್ಡೀವ್ಸ್ ಆದರೆ ಅಲ್ಲಿ ಇಳಿಯಲು ಮುಂಚಿತ ಅನುಮತಿಯೂ ಬೇಕು. ಹವಾಮಾನದ ಮಾತಿನಲ್ಲಿ ಮಾತ್ರ ಪೈಲಟ್ ಹೇಳಿದ್ದೇ ಕೊನೆ. 2023ರ ಸೆಪ್ಟೆಂಬರ್ 14ರಂದು ವಿಶಾಖಪಟ್ಟಣದಿಂದ ಬಂದ ಲಿಯರ್‌ಜೆಟ್ 45 ಚಾರ್ಟರ್ ವಿಮಾನ ಮುಂಬೈಯಲ್ಲಿ ಭಾರೀ ಮಳೆಯ ನಡುವೆ ಇಳಿಯುವಾಗ ರನ್‌ವೇಯಿಂದ ಜಾರಿ ಮುರಿದುಬಿತ್ತು. ಒಳಗಿದ್ದ ಎಂಟು ಮಂದಿಯೂ ಬದುಕಿ ಬಂದರು. ಆಷಾಢ, ಶ್ರಾವಣದ ಕರಾವಳಿ ಮಳೆಯನ್ನು ನಿಮಗೆ ನಾನು ವಿವರಿಸಬೇಕಿಲ್ಲ. ‘ಒಂದು ಗಂಟೆ ಕಾಯೋಣ’, ‘ಬೇರೆ ನಿಲ್ದಾಣಕ್ಕೆ ಹೋಗೋಣ’ ಎಂದು ಪೈಲಟ್ ಹೇಳಿದಾಗ ಅವರನ್ನು ಒತ್ತಾಯಿಸಬೇಡಿ. ಅವರಿಗೆ ಹಾಗೆ ಹೇಳುವ ಧೈರ್ಯ ಇರಲಿ ಎಂದೇ ನಾವು ಕಚೇರಿಯಲ್ಲಿ ಹಗಲಿರುಳು ಅವರ ಬೆನ್ನಿಗಿರುತ್ತೇವೆ.

ಪ್ರಶ್ನೆ (ಮೈಸೂರಿನ ಸದಸ್ಯರು): ಕೊನೆಯದಾಗಿ ಮೇಡಂ, ಅಲ್ಲೇ ಚಿಕ್ಕದಾಗಿ ಪೂಜೆ ಮಾಡಿಸಬೇಕೆಂದು ಅಮ್ಮನ ಆಸೆ. ದೇವರ ವಿಗ್ರಹ ಒಯ್ಯಬಹುದೇ? ಬುಕಿಂಗ್‌ಗೆ ಏನೇನು ಕೊಡಬೇಕು?

ಉತ್ತರ: ವಿಗ್ರಹ ಒಯ್ಯಬೇಡಿ ಸರ್. ಪೂಜೆಗೆಂದು ವಿಗ್ರಹ ತರುವುದನ್ನು ಮಾಲ್ಡೀವ್ಸ್ ನಿಷೇಧಿಸಿದೆ. ಮದ್ಯ, ಹಂದಿಮಾಂಸ ತರುವಂತಿಲ್ಲ. ಜೆಟ್‌ನಲ್ಲಿ ಬಂದವರಿಗೂ ಸುಂಕ ತಪಾಸಣೆ ಅದೇ. ಪೂಜೆಯನ್ನು ಹೊರಡುವ ಮುನ್ನ ಮೈಸೂರಿನ ಮನೆಯಲ್ಲೇ, ನೆಂಟರಿಷ್ಟರ ಜೊತೆ ಮಾಡಿಸಿ. ಅಮ್ಮನಿಗೂ ಅದೇ ಹೆಚ್ಚು ಹಿತವಾಗಬಹುದು.

ಭಾರತೀಯರಿಗೆ ಅಲ್ಲಿ ಇಳಿದಾಗ ಪ್ರವಾಸಿ ವೀಸಾ ಉಚಿತವಾಗಿ ಸಿಗುತ್ತದೆ. ಪ್ರಯಾಣಕ್ಕೆ ಮುಂಚಿನ 96 ಗಂಟೆಗಳ ಒಳಗೆ ‘ಇಮುಗಾ’ ಎಂಬ ಆನ್‌ಲೈನ್ ಘೋಷಣೆಯನ್ನು ಎಂಟು ಮಂದಿಯೂ ತುಂಬಬೇಕು. ವಿಮಾನದ ಕಂಪನಿಗೆ ಎಲ್ಲರ ಪಾಸ್‌ಪೋರ್ಟ್ ಪ್ರತಿ, ರೆಸಾರ್ಟ್ ಬುಕಿಂಗ್, ಪ್ರತಿಯೊಬ್ಬರ ನಿಜವಾದ ತೂಕ, ಸಾಮಾನಿನ ಅಂದಾಜು ಕೊಡಿ. ಗಟ್ಟಿ ಪೆಟ್ಟಿಗೆಗಿಂತ ಮೆತ್ತನೆಯ ಚೀಲಗಳು ಒಳ್ಳೆಯದು. ಅಮ್ಮನ ಗಾಲಿಕುರ್ಚಿ ಮಡಚಿದಾಗ ಎಷ್ಟು ಉದ್ದ ಅಗಲ ಎಂದು ಅಳೆದು ಬರೆಯಿರಿ. ಎಷ್ಟು ಮೆಟ್ಟಿಲು ತಾವಾಗಿಯೇ ಹತ್ತಬಲ್ಲರು ಎಂದೂ ತಿಳಿಸಿ. ಎತ್ತಿ ಹತ್ತಿಸಲು ಜನರನ್ನು ಎರಡೂ ಕಡೆ ಮೊದಲೇ ನೇಮಿಸಲು ಆಗ ಸಾಧ್ಯವಾಗುತ್ತದೆ. ಕೊಟೇಶನ್ ಬಂದ ಮೇಲೆ ಹೆಸರು, ಸಂಖ್ಯೆಗಳನ್ನು ಅಳಿಸಿ ಇಲ್ಲಿ ಹಾಕಿ, ಸಾಲು ಸಾಲಾಗಿ ನೋಡಿ ಹೇಳುತ್ತೇನೆ.